ಗಾಜಿಲ್ಲದ ಕನ್ನಡಕ

ಮಂಗಳವಾರ, ಮಾರ್ಚ್ 12
ಸೈಕಲ್ ಅಂಗಡಿ ತೆರೆಯಲು ಇನ್ನೂ ಅರ್ಧ ಗಂಟೆ

ಪ್ರಶ್ನಾವಳಿಗಳ ಒಡತಿ, ಪರರ ಕಷ್ಟ ಕಂಡರೆ ಕರಗುವ ಮಹಾಮಾತೆ, ನನ್ನ ಸ್ವಂತ ಅಕ್ಕನ ಸನ್ನಿಧಾನಕ್ಕೆ ‘ಭಾಗಿ ಏಳು’ ಮಾಡುವ ನಮಸ್ಕಾರಗಳು.

ನೀನು ಐದು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಫೋನಿನಲ್ಲಾದರೆ ಎರಡೇ ಮಾತಿನಲ್ಲಿ ನಗಿಸಿಬಿಡುತ್ತೀಯ. ಅದಕ್ಕೇ ಈ ಪತ್ರ. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ತಪ್ಪು ಕಂಡರೆ ಕೆಂಪು ಪೆನ್ನು ಹಿಡಿಯಬೇಡ. ನೀನು ಟೀಚರ್ ಕೆಲಸ ಬಿಟ್ಟು ಆರು ವರ್ಷವಾಯಿತು.

ಮೊದಲು ಗುಣಗಾನ. ಮನಃಶಾಸ್ತ್ರ ಓದಿದವಳು. ಕಂಪ್ಯೂಟರ್ ಮುಂದೆ ಜನ ಎಲ್ಲಿ ಎಡವುತ್ತಾರೆಂದು ಪಕ್ಕದಲ್ಲಿ ಕೂತು ನೋಡಿ, ಬರೆದುಕೊಂಡು, ಅದನ್ನು ಸುಲಭ ಮಾಡಿಸುವವಳು. ಶನಿವಾರ ಲೈಬ್ರರಿಯಲ್ಲಿ ಬಿಟ್ಟಿಯಾಗಿ ಅಜ್ಜಂದಿರ ಅರ್ಜಿ ತುಂಬಿಕೊಡುವವಳು. ಊರೆಲ್ಲ ನಿನ್ನನ್ನು ಹೊಗಳುತ್ತದೆ. ಅದರಲ್ಲಿ ಅರ್ಧ ಹೊಗಳಿಕೆ ನಾನೇ ಹಬ್ಬಿಸಿದ್ದು.

ಆ ಭಾನುವಾರ ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದೆವಲ್ಲ, ಆಗ ನಾನು ಹೇಳಿದ್ದೆ: ನನಗೆ ಓದಲು ಕೂತರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವೆ, ಮೆಕ್ಯಾನಿಕ್ ಪರೀಕ್ಷೆಯ ಅರ್ಜಿಯನ್ನು ಮೂರು ಸಲ ಹರಿದು ಹಾಕಿದ್ದೇನೆ, ಅಂತ. ಗಾಜಿಲ್ಲದ ಕನ್ನಡಕವನ್ನು ಗಂಭೀರವಾಗಿ ಒರೆಸಿ, ಮಂಜಾಗಿದೆ ಸ್ವಾಮಿ, ನೀವೇ ಓದಿ ಎಂದು ಗಿರಾಕಿಗಳ ಕೈಗೇ ಬಿಲ್ಲು ಕೊಡುವುದು ಬರೀ ಕೋತಿಚೇಷ್ಟೆ ಅಲ್ಲ, ಅಂತ. ನೀನು ಹೊಟ್ಟೆಯಲ್ಲೇ ಇಟ್ಕೋತೀನಿ ಕಣೇ ಅಂದೆ. ಅರ್ಧ ಕಿತ್ತಳೆ ಜಾಸ್ತಿಯೇ ಕೊಟ್ಟೆ.

ಕಳೆದ ಗುರುವಾರ ಲೈಬ್ರರಿ ಸಭೆಯಲ್ಲಿ, ಕೆಲಸಕ್ಕೆ, ಪರೀಕ್ಷೆಗೆ ಕಂಪ್ಯೂಟರಿನಲ್ಲೇ ತುಂಬುವ ಹೊಸ ಅರ್ಜಿಯನ್ನು ತೋರಿಸುವಾಗ ನಿನ್ನ ಹೊಟ್ಟೆಯಿಂದ ಅದು ಪರದೆಯ ಮೇಲೆ ಬಂತು. ನಾನು ಜೋರಾಗಿ ಚಪ್ಪಾಳೆ ತಟ್ಟಲು ಮುಂದಿನ ಸಾಲಿನಲ್ಲೇ ಕೂತಿದ್ದೆ. ನಿನ್ನ ಅಧ್ಯಯನದಲ್ಲಿ ಭಾಗವಹಿಸಿದವರ ಪಟ್ಟಿಯಿಂದ ‘ಭಾಗಿ ಏಳು: ಓದಲಾಗದಿರುವುದನ್ನು ಮುಚ್ಚಲು ಗಾಜಿಲ್ಲದ ಕನ್ನಡಕ ಧರಿಸಿ ತಮಾಷೆ ಮಾಡುತ್ತಾರೆ’ ಎಂದು ನಿನ್ನದೇ ಇಂಪಾದ ದನಿಯಲ್ಲಿ ಓದಿದೆ. ನಲವತ್ತು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.

ಹೊರಗೆ ಬಂದು ನೀನು, ಹೆಸರು ಹಾಕಿಲ್ವಲ್ಲೇ ಅಂದೆ. ಅಕ್ಕಾ, ಆನೆಯನ್ನು ಬಾಗಿಲ ಹಿಂದೆ ಬಚ್ಚಿಟ್ಟು ಸೊಂಡಿಲು ಹೊರಗೆ ಬಿಟ್ಟವಳು ನೀನು.

ಈಗ ನಮ್ಮ ಅಂಗಡಿ ಯಜಮಾನರು ಪ್ರತಿ ಬಿಲ್ಲನ್ನೂ ಎಳೆ ಮಗುವಿಗೆ ತುತ್ತು ಕೊಟ್ಟಂತೆ ಬಿಡಿಸಿ ಬಿಡಿಸಿ ಓದುತ್ತಾರೆ. ಎದುರು ಮನೆ ಆಂಟಿ ಗಲ್ಲ ಸವರಿ, ಅಯ್ಯೋ ಪಾಪ, ಮೊದ್ಲೇ ಹೇಳ್ಬಾರ್ದಿತ್ತಾ ಅಂದರು. ಹತ್ತೊಂಬತ್ತು ವರ್ಷದಲ್ಲಿ ತಲೆಹರಟೆ, ಕಪಿ, ಪಿಶಾಚಿ ಎಲ್ಲ ಅನ್ನಿಸಿಕೊಂಡಿದ್ದೇನೆ. ಪಾಪ ಅನ್ನಿಸಿಕೊಂಡಿದ್ದು ಇದೇ ಮೊದಲು. ನಿನ್ನೆ ಕನ್ನಡಕ ಒರೆಸಿದೆ, ಒಬ್ಬರೂ ನಗಲಿಲ್ಲ.

ನೀನು ಕೇಳಿದ್ದರೆ ನಾನು ಬಹುಶಃ ಹೂಂ ಅನ್ನುತ್ತಿದ್ದೆ. ಅವರವರ ಮಾತು ಬಳಸಲು ಒಪ್ಪಿಗೆಯೆಂದು ಊರಿನ ಎಲ್ಲರನ್ನೂ ಕೇಳಿ ಸಹಿ ಹಾಕಿಸಿಕೊಂಡೆಯಂತೆ. ತಂಗಿಗೆ ಒಂದು ಸಹಿಯ ಜಾಗ ಇರಲಿಲ್ಲ.

ಸದರಿ ಕನ್ನಡಕವನ್ನು ಇದರೊಂದಿಗೆ ಲಗತ್ತಿಸಿದೆ. ಇನ್ನು ಅದರಿಂದ ನನಗೆ ಉಪಯೋಗವಿಲ್ಲ.

ಇಂತಿ,
ಸದ್ಯಕ್ಕೆ ನಗದಿರುವ
ನಿನ್ನ ಭಾಗಿ ಏಳು

ತಾ.ಕ.: ಸಂಜೆ ಆರು. ಲೈಬ್ರರಿಯಲ್ಲಿ ಯಾರೂ ಇಲ್ಲದಾಗ ಹೋಗಿ ನಿನ್ನ ಹೊಸ ಅರ್ಜಿಯ ಮುಂದೆ ಕೂತೆ. ಕಿವಿಯ ಚಿತ್ರ ಒತ್ತಿದರೆ ಪ್ರಶ್ನೆಯನ್ನು ಅದೇ ಓದಿ ಹೇಳುತ್ತದೆ. ಹದಿನೇಳು ಪ್ರಶ್ನೆ. ಒಂದನ್ನೂ ಯಾರಿಂದಲೂ ಓದಿಸಲಿಲ್ಲ. ಮೆಕ್ಯಾನಿಕ್ ಪರೀಕ್ಷೆಗೆ ಅರ್ಜಿ ಹೋಯಿತು. ನಿನ್ನನ್ನು ಇನ್ನೂ ಕ್ಷಮಿಸಿಲ್ಲ. ಆದರೂ ನೋಡು, ಇದನ್ನೂ ಮೊದಲು ನಿನಗೇ ಹೇಳುತ್ತಿದ್ದೇನೆ. ನನಗೆ ಬುದ್ಧಿ ಬರುವುದಿಲ್ಲ.