ಬಾಗಿಲಿಗೆ ಒತ್ತುಕೊಟ್ಟ ಗುಂಡು

ನನ್ನ ಗೋಡೆಲೀವ,

ಇವತ್ತಿನಿಂದ ನಮ್ಮ ಅಡುಗೆಮನೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿದೆ. ಯಾಕೆಂದು ಹೇಳುತ್ತೇನೆ, ಬೈಯಬೇಡ.

ನೀನು ಹೋದ ಮೇಲೆ ಇದು ಮೊದಲ ನವೆಂಬರ್, ಯುದ್ಧ ಮುಗಿದ ತಿಂಗಳು. ಶಾಲೆಯಲ್ಲಿ ಮಹಾಯುದ್ಧದ ಪಾಠ ಪ್ರತಿವರ್ಷ ನಿನ್ನದು. ಈ ಸಲ ಗಂಡನಾದರೂ ಬರಲಿ ಅಂತ ಕರೆದರು. ಆಲೂಗಡ್ಡೆ ಬೆಳೆಯುವವನು ನಾನು, ಏನು ಪಾಠ ಮಾಡಲಿ? ಹುಲ್ಲಿನ ಪಿಂಡಿ ಕಟ್ಟುವ ಹುರಿ ಒಯ್ದೆ. ಐದು ಮಕ್ಕಳನ್ನು ಐದು ದೇಶ ಮಾಡಿ ಸೊಂಟಕ್ಕೆ ಸೊಂಟ ಬಿಗಿದೆ. ಸರಾಯೆವೊದಲ್ಲಿ ಯುವರಾಜನ ಕೊಲೆಯಾಯಿತು ಅಂದೊಡನೆ ಆಸ್ಟ್ರಿಯಾ ಸರ್ಬಿಯಾವನ್ನು ಎಳೆಯಿತು, ರಷ್ಯಾ ಜಗ್ಗಿತು, ಜರ್ಮನಿ, ಫ್ರಾನ್ಸ್, ಎಲ್ಲ ಒಂದರ ಮೇಲೊಂದು ಬಿದ್ದವು. "ನಾನೇನೂ ಮಾಡ್ಲಿಲ್ಲ ತಾತ, ಇವ್ಳೇ ಎಳ್ದಿದ್ದು" ಅಂದಳು ಫ್ರಾನ್ಸ್ ಆಗಿದ್ದ ಮಾರ್ಟೆ. ಆಗಲೂ ಎಲ್ಲರೂ ಹೀಗೇ ಅಂದರು ಮಗೂ, ಅಂದೆ. ಯಾರಿಗೂ ಕಟ್ಟದೆ ಬಿಟ್ಟಿದ್ದ ಪುಟ್ಟ ಲೋರೆ, ಯಾರ ಪಕ್ಷವನ್ನೂ ಸೇರದಿದ್ದ ನಮ್ಮ ಬೆಲ್ಜಿಯಂ.

ಆಮೇಲೆ ನಾಲ್ಕು ವರ್ಷ ಕಂದಕದಲ್ಲಿ ಕೂತರು, ನಮ್ಮ ಹೊಲಗಳ ಮೇಲೇ ವಿಷಗಾಳಿ ಬಿಟ್ಟರು ಅನ್ನುತ್ತ, ತಂದಿದ್ದ ಫಿರಂಗಿ ಗುಂಡನ್ನು ಮೇಜಿನ ಮೇಲಿಟ್ಟೆ. ಹೌದು, ಅದೇ. ಉಳುವಾಗ ಸಿಕ್ಕುವ ಆ ಯುದ್ಧದ ಗುಂಡುಗಳನ್ನೆಲ್ಲ ಊರವರು ಕರೆಂಟ್ ಕಂಬದ ಬುಡದಲ್ಲಿಟ್ಟರೆ ಮಿಲಿಟರಿಯವರು ಬಂದು ಒಯ್ಯುತ್ತಾರೆ. ಇದೊಂದನ್ನು ನಾನು ತುಕ್ಕು ಉಜ್ಜಿ ಬಾಗಿಲಿಗೆ ಒತ್ತುಕೊಟ್ಟೆ. ಮೂವತ್ತು ವರ್ಷ ನೀನಂದದ್ದು, "ಓಡಿಲ್, ಅದನ್ನ ಕಂಬದ ಹತ್ರ ಇಟ್ಟು ಬಾ." ನಾನಂದದ್ದು, "ಖಾಲಿ ಕಣೇ."

ಲೋರೆ ಅದನ್ನು ಎದೆಗವಚಿ ಎತ್ತಿದಳು. ಓರೆ ಮಾಡಿದಳು.

"ತಾತ, ಒಳಗೆ ನೀರಿದೆ."

ನನ್ನ ಮಂದ ಕಿವಿಗೆ ಏನೂ ಕೇಳಲಿಲ್ಲ. ಆದರೆ ಒಳಗೆ ಗುಳುಗುಳು ಅನ್ನುವುದು ವಿಷಗಾಳಿಯ ಗುಂಡು ಅಂತ ಈ ಸೀಮೆಯ ರೈತನಿಗೆ ಹೇಳಿಕೊಡಬೇಕೇ? ಭಯಕ್ಕೆ ಕಾಲೇಜಿನ ಅರೆಬರೆ ಇಂಗ್ಲಿಷೇ ಬಾಯಿಗೆ ಬಂತು: "ಸ್ಟ್ಯಾಂಡ್ ಸ್ಟಿಲ್." ಮಾತು ಅರ್ಥವಾಗದಿದ್ದರೂ ಅವಳು ನನ್ನ ಮುಖ ನೋಡಿ ನಿಂತಳು. ಅವಳ ತೋಳಿಂದ ಅದನ್ನು ನನ್ನ ತೋಳಿಗೆ ತೆಗೆದುಕೊಂಡೆ. ಉಳಿದ ಐವರು ಇನ್ನೂ ಕಟ್ಟಿಕೊಂಡೇ ಇದ್ದರು. ಬಿಚ್ಚಲು ನನ್ನ ಕೈ ಖಾಲಿ ಇರಲಿಲ್ಲ. "ಲೋರೆ, ನೀನು ಮುಂದೆ ನಡಿ. ನೀವೆಲ್ಲ ಅವಳ ಹಿಂದೆ. ಯಾರೂ ಎಳೀಬೇಡಿ." ಐದು ದೇಶ ಒಂದೇ ಹೆಜ್ಜೆ ಹಾಕಿಕೊಂಡು ಬಾಗಿಲು ದಾಟಿದವು. ಯಾರೂ ಬೀಳಲಿಲ್ಲ.

ಮಿಲಿಟರಿಯವರು ಬರುವವರೆಗೆ ಅದನ್ನು ಅವಚಿಕೊಂಡು ಹಾಗೇ ನಿಂತಿದ್ದೆ.

ಶನಿವಾರ ಶನಿವಾರ ಅದನ್ನೆತ್ತಿ ಅಡಿಯ ನೆಲ ಒರೆಸುತ್ತಿದ್ದವಳು ನೀನು. ನಿನಗೆ ಕೇಳಿಸುತ್ತಿತ್ತು, ಅಲ್ಲವೇ?

ಬಾಗಿಲಿಗೀಗ ನಿನ್ನ ಮರದ ಚಪ್ಪಲಿ ಒತ್ತುಕೊಡುತ್ತೇನೆ. ನೆಮ್ಮದಿಯಾಗಿ ಮಲಗು. ಆ ಆರೂ ಮಕ್ಕಳು ನೂರು ವರ್ಷ ಬಾಳಲಿ.

ತಡವಾಗಿ ನಿನ್ನ ಮಾತು ಕೇಳಿದ,
ಓಡಿಲ್