ಹಂದಿ, ಇಂಗು, ಎಡಗೈ

14 ಜನವರಿ 2006, ಬೆಳಿಗ್ಗೆ

ಮತ್ತೆ ಹಂದಿ. ಕನಸಿನಲ್ಲಿ ಹುಬ್ಬಳ್ಳಿಯ ನಮ್ಮ ಓಣಿ. ಹಿಂಡುಗಟ್ಟಿ ಮನೆಯೊಳಗೆ ನುಗ್ಗುತ್ತಿದ್ದವು. ಒಂದಕ್ಕೆ ಜಾಡಿಸಿ ಒದ್ದೆ. ತಾಗಿದ್ದು ಶೋಭಾಳ ಮೊಣಕಾಲಿಗೆ. ಸಂಕ್ರಾಂತಿಯ ಅಡುಗೆ ಬಿಟ್ಟು ಐಸ್ ಇಟ್ಟುಕೊಂಡು ಕೂತಿದ್ದಾಳೆ.

"ಇಪ್ಪತ್ತ ವರ್ಷದ ಸಿಟ್ಟೆಲ್ಲಾ ನಿದ್ದ್ಯಾಗ ತೀರಿಸಿಕೊಳ್ಳಾಕತ್ತೀರೇನ್ರೀ?"

ಎಚ್ಚರವಿದ್ದಾಗ ಇರುವೆ ಕಂಡರೂ ದಾಟಿ ಹೋಗುವ ಮನುಷ್ಯ ನಾನು. ಮಗಳು ರಕ್ಷಿತಾಗೆ ಬೇರೆಯೇ ಅನುಮಾನ. "ಅಪ್ಪಾ, ಯು ವರ್ ಯೆಲಿಂಗ್ ಅಗೇನ್. ವಾಟ್ ಈಸ್ ಹಲ್ಕಟ್?"

ಹಂದಿಗೆ ಹೇಳುವ ಮಾತು ಅಂದೆ.

ಕನಸು ಎಲ್ಲರಿಗೂ ಬೀಳುತ್ತದೆ. ನನ್ನ ಕೈಕಾಲು ಮಾತ್ರ ಯಾಕೆ ಸುಮ್ಮನಿರುತ್ತಿಲ್ಲ?

29 ಜನವರಿ

ಸಾರಿಗೆ ಘಮವೇ ಇಲ್ಲ ಎಂದು ಬಾಯಿಬಿಟ್ಟೆ. ತಪ್ಪಾಯಿತು. ವರ್ಷದಿಂದ ಇದೇ ಜಗಳ. ಕೊನೆಗೆ ಇಬ್ಬರೂ ರಾಜಿಯಾಗಿ ತಪ್ಪನ್ನೆಲ್ಲ ಅಂಗಡಿಯ ಇಂಗಿನ ಮೇಲೆ ಹೊರಿಸಿದೆವು. ಇಲ್ಲಿ ಪರದೇಶದಲ್ಲಿ ಸಿಗುವ ಡಬ್ಬಿಯಲ್ಲಿ ಬರೀ ಹಿಟ್ಟು. ಲಾಂಗ್ ಬೀಚಿನ ಸಂಗನಬಸಪ್ಪ ಅಂಕಲ್ ಊರಿಗೆ ಹೋಗಿದ್ದಾರೆ. ಹುಬ್ಬಳ್ಳಿಯಿಂದ ಗಟ್ಟಿ ಇಂಗು ತನ್ನಿ ಎಂದು ಫೋನ್ ಮಾಡಿ ಹೇಳಿದ್ದಾಯಿತು.

19 ಫೆಬ್ರವರಿ, ಸಂಜೆ

ಲಾಂಗ್ ಬೀಚಿನಿಂದ ಈಗಷ್ಟೇ ಬಂದೆವು. ಅಂಕಲ್ ಮನೆಯಲ್ಲಿ ಊಟ. ಶೋಭಾ ಹಂದಿ ಪ್ರಸಂಗವನ್ನು ಅಭಿನಯ ಸಮೇತ ಹೇಳಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಆಮೇಲೆ ಅಂಕಲ್ ಸೂಟ್‌ಕೇಸ್ ತೆಗೆದರು. ರಕ್ಷಿತಾ "ಓ ಮೈ ಗಾಡ್" ಎಂದು ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ಶೋಭಾ ಕಿಟಕಿ ತೆರೆದಳು. ಅಂಕಲ್ ತಮ್ಮ ಕೋಟನ್ನೇ ಮೂಸಿ ಮುಖ ಕಿವುಚಿದರು. ನಾನು ಕೇಳಿದೆ—

"ಇಂಗು ತಂದೀರೇನ್ರಿ ಅಂಕಲ್?"

ಮತ್ತೆ ನಗೆ. ಜೋಕು ಅಂದುಕೊಂಡರು. ನಗದೇ ಇದ್ದವಳು ಭಾನುಮತಿ ಒಬ್ಬಳೇ. ಅಂಕಲ್ ಸೊಸೆ, ಬೆಂಗಳೂರಿನ ಹುಡುಗಿ, ಸ್ಲೀಪ್ ಕ್ಲಿನಿಕ್ಕಿನಲ್ಲಿ ಕೆಲಸ. ನಮ್ಮ ಕಾರಿನ ತನಕ ಬಂದಳು.

"ಇಂದುಧರ ಅಂಕಲ್, ನಿಜವಾಗ್ಲೂ ವಾಸನೆ ಬರ್ಲಿಲ್ವಾ ನಿಮ್ಗೆ?"

"ಇಲ್ಲವಾ."

"ಒಂದ್ಸಲ ನಿದ್ದೆ ಡಾಕ್ಟರ್‌ಗೆ ತೋರ್ಸಿ. ಎರಡನ್ನೂ ಹೇಳಿ, ಒದೆಯೋದನ್ನೂ, ವಾಸನೆದನ್ನೂ."

ಮೂಗಿಗೂ ಕಾಲಿಗೂ ಎಲ್ಲಿಯ ಸಂಬಂಧ? ದಾರಿಯುದ್ದಕ್ಕೂ ಅದೇ ಯೋಚನೆ.

20 ಫೆಬ್ರವರಿ

ರಜೆ. ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತೆ. ರಕ್ಷಿತಾ ಒಂದೊಂದೇ ಮೂಗಿನ ಹತ್ತಿರ ಹಿಡಿದಳು. ಕಾಫಿಪುಡಿಯನ್ನು ವಿಭೂತಿ ಅಂದೆ. ಬೆಳ್ಳುಳ್ಳಿಗೆ "ಏನೂ ಹಿಡಿದೇ ಇಲ್ಲ" ಅಂದೆ. ಹುಬ್ಬಳ್ಳಿಯ ಇಂಗು ಮೂಗಿಗೆ ತಾಗಿದಾಗ ಸಾಬೂನೇ ಎಂದು ಕೇಳಿದೆ.

"ಅಪ್ಪಾ, ಯು ಗಾಟ್ ಝೀರೋ!" ಅವಳಿಗೆ ಎಲ್ಲಿಲ್ಲದ ಖುಷಿ.

ಪಾಪ, ಡಬ್ಬಿ ಇಂಗನ್ನು ಸುಮ್ಮನೆ ಬೈದೆವು.

4 ಏಪ್ರಿಲ್

ನಿದ್ದೆ ಡಾಕ್ಟರ್ ಒಂದು ರಾತ್ರಿ ತಲೆಗೆ ವೈರು ಅಂಟಿಸಿ ಮಲಗಿಸಿದ್ದರಲ್ಲ, ಅದರ ರಿಪೋರ್ಟ್ ಇವತ್ತು. ರಕ್ಷಿತಾಳನ್ನು ಸ್ವಿಮ್ಮಿಂಗಿಗೆ ಬಿಡಬೇಕಿತ್ತು, ಶೋಭಾ ಅತ್ತ ಹೋದಳು. ನಾನೊಬ್ಬನೇ.

ಕನಸು ಬೀಳುವಾಗ ಮೆದುಳು ಮೈಯನ್ನು ಕಟ್ಟಿಹಾಕಿರುತ್ತದಂತೆ. ಎಷ್ಟು ಚಂದದ ಏರ್ಪಾಡು! ನನ್ನಲ್ಲಿ ಆ ಕಟ್ಟು ಸಡಿಲ. ಯಾಕೆ ಸಡಿಲವಾಯಿತು ಎಂದು ಕೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು. ಹೀಗಾದವರಲ್ಲಿ ಬಹಳ ಜನಕ್ಕೆ ವರ್ಷಗಳು ಕಳೆದ ಮೇಲೆ ಕೈಕಾಲು ಬಿಗಿದು ನಡುಗುವ ಪಾರ್ಕಿನ್ಸನ್ಸ್, ಇಲ್ಲವೇ ಅದರ ಬಳಗದ್ದು ಬರುತ್ತದೆ. ಎಲ್ಲರಿಗೂ ಅಲ್ಲ. ಮೂಗು ಹೋಗಿರುವುದೂ ಅದೇ ಕಡೆ ಬೆರಳು ತೋರಿಸುತ್ತದೆ. ಯಾವಾಗ? ಗೊತ್ತಿಲ್ಲ. ತಡೆಯುವ ಔಷಧಿ? ಇಲ್ಲ. ಒದೆತ ತಗ್ಗಿಸಲು ಮಲಗುವಾಗ ಒಂದು ಮಾತ್ರೆ. ನಡೆಯುವಾಗ ಒಂದು ಕೈ ಬೀಸುವುದು ಕಡಿಮೆಯಾದರೆ ಕೂಡಲೇ ಬನ್ನಿ ಅಂದರು. ಅದು ಕಾಣಿಸುವುದು ಹೆಚ್ಚಾಗಿ ಮನೆಯವರಿಗಂತೆ.

ಹೆದರಿಕೆಯಾಯಿತು. ಪಾರ್ಕಿಂಗ್ ಲಾಟಿನಲ್ಲಿ ಬಹಳ ಹೊತ್ತು ಕಾರು ಸ್ಟಾರ್ಟ್ ಮಾಡಲಿಲ್ಲ. ಶೋಭಾಗೆ ಮಾತ್ರೆಯ ವಿಷಯವಷ್ಟೇ ಹೇಳಿದೆ.

11 ಮೇ

ಹಂದಿಗಳ ಕಾಟ ಕಮ್ಮಿ. ಶೋಭಾ ಆರಾಮಾಗಿದ್ದಾಳೆ, ರೋಗ ಹೋಯಿತು ಅಂದುಕೊಂಡು.

ನಾನು ಆಫೀಸಿನ ಕಾರಿಡಾರಿನಲ್ಲಿ ಕೈ ನೋಡಿಕೊಂಡು ಓಡಾಡುತ್ತೇನೆ. ನೋಡಿದ್ದೇ ತಡ, ಎರಡೂ ಕೈ ಪೆರೇಡಿಗೆ ನಿಂತ ಹಾಗೆ ಬೀಸುತ್ತವೆ. ನೋಡದಿದ್ದಾಗ ಏನು ಮಾಡುತ್ತವೋ... ನನಗೆ ತಿಳಿಯುವ ದಾರಿಯೇ ಇಲ್ಲ. ಇಷ್ಟು ವರ್ಷ ಟೆಸ್ಟಿಂಗ್ ಇಂಜಿನಿಯರ್ ಆಗಿದ್ದವನು, ಇಂಥ ತಲೆಹರಟೆ ಟೆಸ್ಟ್ ಕಂಡಿರಲಿಲ್ಲ! ಹಿಂದಿನಿಂದ ನೋಡುವವರೊಬ್ಬರು ಬೇಕು. ವಿಷಯ ಹೇಳದೆ ಯಾರನ್ನು ಕೇಳಲಿ?

9 ಜೂನ್

ಶೋಭಾ ಟೊರ್ರಿ ಪೈನ್ಸಿನ ಲ್ಯಾಬ್ ಕೆಲಸ ಬಿಡುತ್ತಾಳಂತೆ. ಟೀಚರ್ ಆಗುವ ಕೋರ್ಸ್ ಸೇರಬೇಕಂತೆ. ಸೋಮವಾರ ನೋಟಿಸ್.

"ನಿಮ್ಮ ಪಗಾರ ಐತೆಲ್ಲ, ಕೋರ್ಸ್ ಮುಗಿಯೂ ಮಟಾ ನಡೀತೈತಿ."

ಮದುವೆಯಾದಾಗಿನಿಂದ ಮುಂದೂಡಿಕೊಂಡು ಬಂದ ಆಸೆ ಅವಳದು. ಹೇಳದಿದ್ದರೆ ಮೋಸ. ಹೇಳಿದರೆ ಕೋರ್ಸು ಬಿಟ್ಟುಬಿಡುತ್ತಾಳೆ.

11 ಜೂನ್, ಮಧ್ಯಾಹ್ನ

ಹೇಳಿಬಿಟ್ಟೆ. ಟೊರ್ರಿ ಪೈನ್ಸ್ ಬೀಚಿನಲ್ಲಿ, ಕಾರಿನಿಂದ ಇಳಿಯುವ ಮೊದಲೇ.

"ಏಪ್ರಿಲ್‌ದಾಗ ಗೊತ್ತಾಗಿದ್ದು ಜೂನ್‌ದಾಗ ಹೇಳಾಕತ್ತೀರಿ?" ಕಣ್ಣು ತುಂಬಿತ್ತು. ಸಿಟ್ಟೂ ಇತ್ತು. "ಖರೇನ ಬರತೈತೇನು?"

"ಗೊತ್ತಿಲ್ಲ. ಬರದೇನೂ ಇರಬಹುದು. ಕೋರ್ಸ್ ಏನ್ ಮಾಡ್ತಿ?"

"ಮಾಡಾಕೀನ. ಲ್ಯಾಬಿನ್ಯಾಗ ಗ್ರ್ಯಾಂಟ್ ಮುಗದ್ರ ನನ್ನ ಕೆಲಸಾನೂ ಮುಗೀತು. ನಿಮ್ಮ ಕೈ ಚಲೋ ಇದ್ದಾಗನ ಕಲತು ಒಂದು ಗಟ್ಟಿ ನೌಕರಿ ಹಿಡೀತೀನಿ." ಮೂಗು ಒರೆಸಿಕೊಂಡಳು. "ಇಳೀರಿ. ಮುಂದ ನಡೀರಿ. ನಾ ಹಿಂದಿಂದ ನೋಡತೀನಿ."

ನಡೆದೆ. ಕೈ ಮರೆಯಬೇಕೆಂದು ಚೆಂಡು ಹಿಡಿಯುವ ಒಂದು ನಾಯಿಯನ್ನು ನೋಡುತ್ತಾ ಹೋದೆ. ಮರೆತೂ ಬಿಟ್ಟೆ. ಹಿಂದೆ ಓಡಿಬರುವ ಸಪ್ಪಳ. ಶೋಭಾ ಬಂದವಳೇ ನನ್ನ ಎಡಗೈ ಹಿಡಿದುಕೊಂಡಳು. ಜನರೆದುರು ಎಂದೂ ಕೈ ಹಿಡಿದವಳಲ್ಲ.

"ಏನ್ ಕಂಡಿತು?"

"ಸುಮ್ಮನ ನಡೀರಿ."

ಸಮುದ್ರ ಬಲಕ್ಕಿತ್ತು. ನೀರು ತಾಗದಿರಲಿ ಎಂದು ಎಡಕ್ಕೆ ಬಂದಳು ಅಂದುಕೊಂಡೆ. ಸಮಾಧಾನವಾಯಿತು. ತಿರುಗಿ ಬರುವಾಗ ಸಮುದ್ರ ಎಡಕ್ಕೆ ಬಂತು. ಅಲೆ ಅವಳ ಪಾದದ ಮೇಲೆ ಹಾಯುತ್ತಿತ್ತು, ಪ್ಯಾಂಟು ಮೊಣಕಾಲಿನ ತನಕ ಒದ್ದೆ. ಈ ಕಡೆ ಬಾ, ಬಲಗೈ ಹಿಡಿ ಅಂದೆ. ಶೋಭಾ ಎಡಗೈ ಬಿಡಲಿಲ್ಲ, ಅದನ್ನು ತಾನೇ ಹಿಂದೆ ಮುಂದೆ ಬೀಸುತ್ತಾ ನಡೆದಳು.