ನಡೆಯದ ಸಭೆಯಲ್ಲಿ ನನ್ನ ಅಮ್ಮ

ನಗರ ಕಚೇರಿಯ ಮೂರನೇ ಮಹಡಿಯಲ್ಲಿ, ಗಾಜಿನ ಬಾಗಿಲಿನ ಆಚೆ ಕೂರುವ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರು ಮಾಡುವುದು ರೂಢಿ. ಮಾನ್ಯರೇ. ಆಯಿತು, ಆ ಖಾನೆ ತುಂಬಿತು. ಇನ್ನು ವಿಷಯ. ಹೋದ ತಿಂಗಳ ಇಪ್ಪತ್ತರಂದು ತಮ್ಮ ಕಚೇರಿಯ ಸಭಾಂಗಣದಲ್ಲಿ ನಡೆಯದೇ ಇದ್ದ ಸಭೆಯೊಂದರಲ್ಲಿ ನನ್ನ ಅಮ್ಮ ಹಾಜರಿದ್ದಳೆಂದೂ, ತನ್ನ ಅಂಗಡಿಯನ್ನು ಕೆಡವುವುದಕ್ಕೆ ಅವಳು ಚಕಾರ ಎತ್ತಲಿಲ್ಲವೆಂದೂ ತಾವು ಆದೇಶ ಹೊರಡಿಸಿದ್ದೀರಿ. ಸಾಕ್ಷಿಗೆ ಫೋಟೋ ಲಗತ್ತಿಸಿದ್ದೀರಿ. ಅದರಲ್ಲಿ ಎರಡನೇ ಸಾಲಿನ ಮೂರನೇ ಕುರ್ಚಿಯಲ್ಲಿ ಅಮ್ಮ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನಗುತ್ತಾ ಕೂತಿದ್ದಾಳೆ. ಅವಳೇ ಹೌದು. ನಾನು ಅಮ್ಮನನ್ನು ಅಲ್ಲಗಳೆಯುತ್ತಿಲ್ಲ, ಸಭೆಯನ್ನು ಅಲ್ಲಗಳೆಯುತ್ತಿದ್ದೇನೆ.

ಈ ಪತ್ರವನ್ನು ತಾವು ಓದುವುದಿಲ್ಲ, ಊರಿನವರು ಓದುತ್ತಾರೆ. ಅವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳಬೇಕು. ಕಳೆದ ವರ್ಷ ತಮ್ಮ ಕಚೇರಿಯ ವೆಬ್‌ಸೈಟಿನಲ್ಲಿ ಕಾರ್ಯಕ್ರಮಗಳ ಪಟ್ಟಿ ಎಂಬ ಪುಟ ಕಟ್ಟಿದವಳು ನಾನು. ಆರು ತಿಂಗಳ ಗುತ್ತಿಗೆ, ಎರಡನೇ ಮಹಡಿಯಲ್ಲಿ ಹಳೆಯ ಕಡತಗಳ ಪಕ್ಕ ಒಂದು ಮೇಜು. ಪುಟದ ಕೆಲಸ ಕಷ್ಟದ್ದೇನಲ್ಲ. ಗುಮಾಸ್ತರು ಖಾನೆಗಳನ್ನು ತುಂಬಿ ಒಂದು ಗುಂಡಿ ಒತ್ತಿದರೆ ಸಾಕು, ಪುಟ ತಾನೇ ಸಿದ್ಧವಾಗುತ್ತದೆ. ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ, ಸ್ಥಳ, ವಿವರ. ಬರಬೇಕಾದವು ‘ಮುಂಬರುವ ಕಾರ್ಯಕ್ರಮಗಳು’ ಎಂಬಲ್ಲಿ ಇರುತ್ತವೆ. ದಿನಾಂಕ ದಾಟಿದೊಡನೆ ‘ನಡೆದ ಕಾರ್ಯಕ್ರಮಗಳು’ ಎಂಬಲ್ಲಿಗೆ ತಾವಾಗಿಯೇ ಹೋಗಿ ಕೂರುತ್ತವೆ. ಯಾರೂ ಮುಟ್ಟಬೇಕಿಲ್ಲ. ಕಾರ್ಯಕ್ರಮ ನಿಜವಾಗಿ ನಡೆಯಿತೇ ಎಂದು ಯಂತ್ರ ಕೇಳುವುದಿಲ್ಲ. ಅದಕ್ಕೆ ದಿನಾಂಕ ಒಂದೇ ಗೊತ್ತು. ಅಂದು ಇದನ್ನು ನಾನು ಹೆಮ್ಮೆಯಿಂದ ತೋರಿಸಿದ್ದೆ, ತಾವು ತಲೆದೂಗಿದ್ದಿರಿ. ಕೆಲಸ ಮಾಡದೆ ಮುಗಿಸುವ ಯಂತ್ರ ಕೈಗೆ ಸಿಕ್ಕಿದೆ ಎಂದು ತಮಗೆ ಆಗಲೇ ಹೊಳೆದಿತ್ತೆಂದು ನನಗೆ ಈಗ ಅನ್ನಿಸುತ್ತಿದೆ.

ಆದರೆ ತಮಗೆ ಪುಟ ಬೋಳಾಗಿ ಕಂಡಿತು.

“ಫೋಟೋ ಎಲ್ಲಿ? ಬರೀ ಅಕ್ಷರ ಯಾರು ನೋಡ್ತಾರೆ? ಪ್ರತಿಯೊಂದಕ್ಕೂ ಫೋಟೋ ಇರ್ಲೇಬೇಕು. ಫೋಟೋ ಇಲ್ದೆ ಹಾಕೋಕೇ ಬರಬಾರದು, ಹಾಗೆ ಮಾಡಿ,” ಎಂದಿರಿ.

“ಸಾರ್, ಕಾರ್ಯಕ್ರಮಕ್ಕೆ ಏಳು ದಿನ ಮುಂಚೆ ಹಾಕ್ಬೇಕು ಅಂತ ನಿಯಮ ಇದೆ. ಇನ್ನೂ ನಡೀದೇ ಇರೋದರ ಫೋಟೋ ಹೇಗೆ ಬರುತ್ತೆ?” ಎಂದು ಕೇಳಿದೆ.

“ಏನಮ್ಮ, ನಿಂಗೆ ಕೆಲಸ ಬೇಕೋ, ವಾದ ಬೇಕೋ?”

ನನಗೆ ಕೆಲಸ ಬೇಕಿತ್ತು. ಫೋಟೋದ ಖಾನೆಗೆ ಹೋಗಿ ‘ಕಡ್ಡಾಯ’ ಎಂಬಲ್ಲಿ ಗುರುತು ಹಾಕಿದೆ. ಖಾನೆಯ ಪಕ್ಕದಲ್ಲಿ ಪುಟ್ಟದೊಂದು ಕೆಂಪು ನಕ್ಷತ್ರ ಮೂಡಿತು. ನನ್ನ ಜನ್ಮದಲ್ಲಿ ನಾನು ಇಟ್ಟ ಒಂದೇ ಒಂದು ನಕ್ಷತ್ರ ಅದು, ಅಮ್ಮನ ತಲೆಯ ಮೇಲೆಯೇ ಬಿತ್ತು.

ಅಲ್ಲಿಂದ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೇ ತಮ್ಮ ಕಚೇರಿಯ ಮುಖ್ಯ ಕಸುಬಾಯಿತು. ಗಿಡ ನೆಡುವ ಕಾರ್ಯಕ್ರಮಕ್ಕೆ ವಾರ ಮೊದಲೇ ಗಿಡ ನೆಟ್ಟು, ಫೋಟೋ ತೆಗೆದು, ಕಿತ್ತು ಮೂಲೆಯಲ್ಲಿಟ್ಟರು. ನಿಜವಾದ ದಿನ ಬರುವ ಹೊತ್ತಿಗೆ ಅದು ಒಣಗಿ ಕಡ್ಡಿಯಾಗಿತ್ತು, ತಾವು ಆ ಕಡ್ಡಿಗೇ ನೀರು ಹಾಕಿದಿರಿ. ಬೀದಿನಾಯಿಗಳ ಲಸಿಕೆ ಶಿಬಿರಕ್ಕೆ ಕಾವಲುಗಾರನ ನಾಯಿಯನ್ನು ಹಿಡಿದು ತಂದರು. ಮೂರು ಬಡಾವಣೆಗಳ ಶಿಬಿರಗಳಲ್ಲಿ ಅದೇ ನಾಯಿ ಅದೇ ಮುಖ ಮಾಡಿಕೊಂಡು ನಿಂತಿದೆ. ಇವತ್ತಿನವರೆಗೆ ಅದಕ್ಕೆ ಒಂದು ಸೂಜಿಯೂ ಬಿದ್ದಿಲ್ಲ. ಆಗೆಲ್ಲ ನಾನು ನಕ್ಕೆ. ಮನೆಗೆ ಹೋಗಿ ಅಮ್ಮನಿಗೆ ಹೇಳಿ ಅವಳನ್ನೂ ನಗಿಸಿದೆ. ಗುತ್ತಿಗೆ ಮುಗಿಯಿತು, ನಾನು ಬೇರೆ ಕಡೆ ಕೆಲಸಕ್ಕೆ ಸೇರಿದೆ, ಆ ಪುಟವನ್ನು ಮತ್ತೆ ತೆರೆದು ನೋಡಲಿಲ್ಲ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ತಪ್ಪು ಒಪ್ಪಿಕೊಂಡರೆ ಹೇಗಿರುತ್ತದೆ ಎಂದು ತಮಗೂ ಒಮ್ಮೆ ನೋಡಲು ಸಿಗಲಿ.

ಈಗ ಅಮ್ಮ. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಆರು ಅಂಗಡಿಗಳಿವೆ, ಕೊನೆಯದು ಅವಳದು. ಬೆತ್ತದ ಕುರ್ಚಿಗಳಿಗೆ ಹೊಸ ಬೆತ್ತ ಹೆಣೆದು ಕೊಡುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅದೇ ಜಾಗ, ಪರವಾನಗಿ ಕೊಟ್ಟದ್ದು ತಮ್ಮದೇ ಕಚೇರಿ. ಬೆತ್ತ ನೆನೆಸುವ ಉದ್ದನೆಯ ತೊಟ್ಟಿ, ಎರಡು ಸೂಜಿ, ಒಂದು ಮರದ ಸುತ್ತಿಗೆ, ಗೋಡೆಗೆ ಒರಗಿಸಿದ ಊರಿನವರ ಕುರ್ಚಿಗಳು. ಕುರ್ಚಿಯನ್ನು ಮಗುಚಿ ಅಡಿಭಾಗ ನೋಡಿಯೇ ಅದರಲ್ಲಿ ಕೂರುವವರು ಎಂಥವರೆಂದು ಹೇಳುವಳು. ತಾವು ಈಗ ಕೂತಿರುವ ಕುರ್ಚಿಗೂ ನಾಲ್ಕು ವರ್ಷದ ಹಿಂದೆ ಬೆತ್ತ ಹೆಣೆದವಳು ಅವಳೇ. “ಇದ್ರಲ್ಲಿ ಕೂರೋರು ಎದ್ದು ಓಡಾಡೋದು ಕಮ್ಮಿ,” ಅಂದಿದ್ದಳು. ಆ ಕುರ್ಚಿ ತಮಗಿಂತ ಹಿಂದಿನವರ ಕಾಲದ್ದು. ಅಧಿಕಾರಿಗಳು ಬದಲಾದರು, ಕೂರುವ ರೀತಿ ಬದಲಾಗಲಿಲ್ಲ.

ಆ ಸಾಲನ್ನು ಕೆಡವಿ ವಾಹನ ನಿಲ್ಲಿಸುವ ಜಾಗ ಮಾಡಬೇಕೆಂದು ತಮಗೆ ಮನಸ್ಸಾಯಿತು. ನಿಯಮದ ಪ್ರಕಾರ ಮೊದಲು ಅಂಗಡಿಯವರನ್ನು ಕರೆದು ಅಹವಾಲು ಕೇಳಬೇಕು. ಆ ಸಭೆಯ ವಿಷಯ ವೆಬ್‌ಸೈಟಿನಲ್ಲಿ ಏಳು ದಿನ ಮುಂಚೆ ಬರಬೇಕು. ಬಾಗಿಲಿಗೆ ಹೋಗಿ ಹೇಳಬೇಕೆಂದು ನಿಯಮದಲ್ಲಿ ಇಲ್ಲ. ಮನುಷ್ಯತ್ವ ಇದ್ದವರು ಹೇಗೂ ಹೇಳುತ್ತಾರೆ ಎಂದು ನಿಯಮ ಬರೆದವರು ಅಂದುಕೊಂಡಿರಬೇಕು, ಪಾಪ. ಗುಮಾಸ್ತರು ಖಾನೆಗಳನ್ನೆಲ್ಲ ತುಂಬಿದರು. ಕೆಂಪು ನಕ್ಷತ್ರದ ಹತ್ತಿರ ಬಂದು ನಿಂತರು. ಅಹವಾಲು ಸಭೆಯ ಫೋಟೋ ಬೇಕು. ಸಭೆ ಇರುವುದು ಇಪ್ಪತ್ತಕ್ಕೆ, ಅವತ್ತು ಹನ್ನೆರಡು.

ಹನ್ನೆರಡರಂದು ಅಮ್ಮ ತಮ್ಮ ಕಚೇರಿಯ ಕೆಳಗಿನ ಮಹಡಿಯಲ್ಲಿ ಸಾಲಿನಲ್ಲಿ ನಿಂತಿದ್ದಳು. ಅಪ್ಪ ನೀರು ಸರಬರಾಜು ವಿಭಾಗದಲ್ಲಿ ಚಾಲಕನಾಗಿದ್ದವನು. ಅವನು ತೀರಿಕೊಂಡ ಮೇಲೆ ಅವನ ಪಿಂಚಣಿ ಬರಬೇಕಾದರೆ ಅಮ್ಮ ವರ್ಷಕ್ಕೊಮ್ಮೆ ಬಂದು ತಾನು ಬದುಕಿದ್ದೇನೆ ಎಂದು ಸಹಿ ಹಾಕಬೇಕು. ಒಂದೂವರೆ ಗಂಟೆ ನಿಂತ ಮೇಲೆ ತಮ್ಮ ಅಟೆಂಡರ್ ಬಂದ. “ಹತ್ತು ನಿಮಿಷ ಎಲ್ರೂ ಮೇಲೆ ಬನ್ನಿ, ಕೂತ್ಕೊಳ್ಳಿ, ಫ್ಯಾನ್ ಇದೆ,” ಅಂದ. ಇಪ್ಪತ್ತು ಮಂದಿಯನ್ನು ಸಭಾಂಗಣಕ್ಕೆ ಕರೆದುಕೊಂಡು ಹೋಗಿ ಸಾಲಾಗಿ ಕೂರಿಸಿದ. ನೀರು ಕೊಟ್ಟ. ಫೋಟೋದವನು “ಸ್ವಲ್ಪ ನಗಿ ಅಮ್ಮ,” ಅಂದ. ಮುಖ್ಯಾಧಿಕಾರಿಗಳೇ, ಮಂಡಿನೋವಿನ ಹೆಂಗಸಿಗೆ ಒಂದೂವರೆ ಗಂಟೆಯ ಮೇಲೆ ಕುರ್ಚಿ ಸಿಕ್ಕಿದೆ, ನಗದೆ ಏನು ಮಾಡುತ್ತಾಳೆ?

ಅವತ್ತು ಮನೆಗೆ ಬಂದು ತಮ್ಮನ್ನು ಬಾಯಿ ತುಂಬ ಹೊಗಳಿದಳು. “ಕಚೇರಿ ಎಷ್ಟು ಬದಲಾಗಿದೆ ಕಣೇ! ನಮ್ಮನ್ನೆಲ್ಲ ಒಳಗೆ ಕರೆದು ಕೂರಿಸಿ ನೀರು ಕೊಟ್ರು, ಫೋಟೋನೂ ತೆಗೆದ್ರು.” ನಾನು “ಒಳ್ಳೇದಾಯ್ತು ಬಿಡಮ್ಮ,” ಅಂದೆ. ನಾಯಿಯ ಫೋಟೋ ನೋಡಿ ನಕ್ಕವಳಿಗೆ ಅಮ್ಮನ ಫೋಟೋದ ವಾಸನೆ ಬಡಿಯಲಿಲ್ಲ.

ಇಪ್ಪತ್ತರಂದು ಸಭಾಂಗಣದಲ್ಲಿ ಏನಾಯಿತು? ಸುಣ್ಣ ಬಣ್ಣವಾಯಿತು. ಬಣ್ಣದವನನ್ನೇ ಹುಡುಕಿ ಕೇಳಿದೆ. “ಬೆಳಿಗ್ಗೆಯಿಂದ ಸಾಯಂಕಾಲದ ತನಕ ಏಣಿ ಮೇಲೇ ಇದ್ದೆನಮ್ಮ. ಕುರ್ಚಿ ಎಲ್ಲ ಒಂದರ ಮೇಲೊಂದು ಪೇರಿಸಿಟ್ಟಿದ್ರು. ಒಂದು ನರಪಿಳ್ಳೇನೂ ಒಳಗೆ ಬರ್ಲಿಲ್ಲ,” ಅಂದ. ಅಮ್ಮ ಅಂಗಡಿಯಲ್ಲಿ ಬೆತ್ತ ನೆನೆಸುತ್ತಿದ್ದಳು. ತಾವು ಎಲ್ಲಿದ್ದಿರೋ, ತಮ್ಮ ಕುರ್ಚಿಗೇ ಗೊತ್ತು. ಇಪ್ಪತ್ತೊಂದು ಹುಟ್ಟಿದೊಡನೆ ನಾನು ಕಟ್ಟಿದ ಯಂತ್ರ ಅಹವಾಲು ಸಭೆಯನ್ನು ‘ನಡೆದ ಕಾರ್ಯಕ್ರಮಗಳು’ ಎಂಬಲ್ಲಿಗೆ ತಳ್ಳಿತು. ತಾವು ಅದನ್ನು ಮುದ್ರಿಸಿಕೊಂಡು ಆದೇಶ ಬರೆದಿರಿ: “ಹಾಜರಿದ್ದ ಅಂಗಡಿದಾರರಲ್ಲಿ ಯಾರೂ ಆಕ್ಷೇಪಣೆ ಸಲ್ಲಿಸಿರುವುದಿಲ್ಲ.” ಆರು ಅಂಗಡಿಗಳವರಲ್ಲಿ ಫೋಟೋದಲ್ಲಿ ಇದ್ದವಳು ಅಮ್ಮ ಒಬ್ಬಳೇ. ಉಳಿದ ಐವರು ಇವತ್ತು ಅವಳನ್ನು ಕಂಡರೆ ಮುಖ ತಿರುಗಿಸುತ್ತಾರೆ. ಪಕ್ಕದ ಅಂಗಡಿಯ ಬೀಗ ರಿಪೇರಿಯವನು ಹದಿನೈದು ವರ್ಷ ಅವಳನ್ನು ಅಕ್ಕ ಎಂದು ಕರೆದವನು. “ಎಲ್ಲ ಗೊತ್ತಿದ್ದೂ ಒಬ್ಳೇ ಹೋಗಿ ನಕ್ಕು ಬಂದ್ಯಲ್ಲಕ್ಕ,” ಅಂದನಂತೆ. ಅಂಗಡಿ ಹೋಗುವುದಕ್ಕಿಂತ ಅವಳಿಗೆ ಈ ಮಾತು ಹೆಚ್ಚು ನೋವು ಕೊಟ್ಟಿದೆ. ಎರಡು ದಿನ ಊಟ ಬಿಟ್ಟಳು.

ನಾನು ತಮ್ಮ ಗಾಜಿನ ಬಾಗಿಲಿಗೆ ಬಂದೆ. ಆ ಸಂಭಾಷಣೆಯನ್ನು ಜನರೂ ಓದಲಿ.

“ಇದು ನಿಮ್ಮ ತಾಯಿನೇ ಅಲ್ವಾ?” ಎಂದಿರಿ.

“ಹೌದು ಸಾರ್. ಆದ್ರೆ ಇದು ಸಭೆಗೆ ಎಂಟು ದಿನ ಮುಂಚೆ ತೆಗೆದ ಫೋಟೋ.”

ತಾವು ಕನ್ನಡಕ ತೆಗೆದು ನನ್ನನ್ನು ನೋಡಿದಿರಿ. “ಅಲ್ಲಮ್ಮ, ಇನ್ನೂ ನಡೀದೇ ಇರೋ ಸಭೆ ಫೋಟೋ ಹೇಗಮ್ಮ ಬರುತ್ತೆ?”

ನನ್ನದೇ ಪ್ರಶ್ನೆ. ಅದೇ ಕೋಣೆಯಲ್ಲಿ, ಅದೇ ಮೇಜಿನ ಮುಂದೆ ನಿಂತು ನಾನು ಕೇಳಿದ್ದು. ಒಂದು ವರ್ಷ ಜೋಪಾನವಾಗಿಟ್ಟು, ಬೇಕಾದ ದಿನ ತೆಗೆದು ನನ್ನ ಮುಖಕ್ಕೇ ಎಸೆದಿರಿ. ಫೋಟೋ ಹನ್ನೆರಡರಂದೇ ಪುಟಕ್ಕೆ ಏರಿದ್ದು ದಾಖಲೆಯಲ್ಲೇ ಇದೆ ಎಂದೆ. “ವೆಬ್‌ಸೈಟ್ ಮಾಡಿದ್ದು ನೀವೇ ತಾನೇ? ತಾರೀಕು ತಪ್ಪು ತೋರಿಸಿದ್ರೆ ಅದು ನಿಮ್ಮ ತಪ್ಪು,” ಎಂದಿರಿ. ಫೋಟೋದಲ್ಲಿ ಅಮ್ಮನ ತಲೆಯ ಹಿಂದೆ ಗೋಡೆಯ ಕ್ಯಾಲೆಂಡರ್ ಇದೆ, ಅದರಲ್ಲಿ ಅಂಗೈಯಷ್ಟು ದೊಡ್ಡದಾಗಿ ಹನ್ನೆರಡು ಎಂದಿದೆ ಎಂದು ಬೆರಳಿಟ್ಟು ತೋರಿಸಿದೆ. ತಾವು ಬಗ್ಗಿ ನೋಡಿದಿರಿ. ಹುಬ್ಬು ಗಂಟಿಕ್ಕಿದಿರಿ. ಸತ್ಯ ತಾಗಿತು ಎಂದು ಒಂದು ಕ್ಷಣ ನಂಬಿಬಿಟ್ಟೆ. ತಾವು ಗಂಟೆ ಒತ್ತಿ ಅಟೆಂಡರನನ್ನು ಕರೆದು, ಎಂಟು ದಿನದಿಂದ ಕ್ಯಾಲೆಂಡರಿನ ಹಾಳೆ ಹರಿಯದೆ ಕರ್ತವ್ಯಲೋಪ ಮಾಡಿದ್ದಕ್ಕೆ ಅವನಿಗೆ ನೋಟಿಸ್ ಕೊಟ್ಟಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಕೇಳಿದ್ದೆ. ಆರಾಮಾಗಿರುವ ಎತ್ತಿನ ಎದುರಿಗೇ ಎಮ್ಮೆಗೆ ಬರೆ ಹಾಕಿದ್ದನ್ನು ಅವತ್ತು ನೋಡಿದೆ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಹೋದ ಸೋಮವಾರ ನೋಟಿಸ್ ತಿಂದ ಅದೇ ಅಟೆಂಡರ್ ಫೋಟೋದವನನ್ನು ಕರೆದುಕೊಂಡು ಅಂಗಡಿಗೆ ಬಂದ. “ಸಾಮಾನೆಲ್ಲ ಸ್ವಲ್ಪ ಹೊರಗಿಡಿ ಅಮ್ಮ, ಫೋಟೋ ತೆಗೀಬೇಕು,” ಅಂದ. ನಾನು ತಮ್ಮನ್ನು ಕಂಡು ಬಂದದ್ದು ಅಮ್ಮನಿಗೆ ಗೊತ್ತಿತ್ತು. ನನ್ನ ದೂರು ಕೇಳಿ ತಾವು ಮರುವಿಚಾರಣೆಗೆ ಕಳಿಸಿದ್ದೀರಿ ಎಂದುಕೊಂಡಳು. ಹನ್ನೊಂದು ಕುರ್ಚಿಗಳನ್ನು ಒಂದೊಂದಾಗಿ ಹೊತ್ತು ತಂದು ಬೀದಿಯಲ್ಲಿ ಸಾಲಾಗಿ ಇಟ್ಟಳು, ಹೆಣಿಗೆ ಚೆನ್ನಾಗಿ ಕಾಣಲಿ ಎಂದು ಒದ್ದೆ ಬಟ್ಟೆಯಿಂದ ಒರೆಸಿದಳು. ತೊಟ್ಟಿಯ ನೀರು ಚೆಲ್ಲಿ ಅದನ್ನೂ ಹೊರಗೆಳೆದಳು. ಆಮೇಲೆ ನನಗೆ ಫೋನ್ ಮಾಡಿದಳು. “ನಿನ್ನ ಮಾತು ಕೇಳಿದ್ರು ಕಣೇ! ಅಂಗಡಿ ನೋಡೋಕೆ ಜನ ಕಳಿಸಿದ್ರು.” ಸಭೆಯ ಸುದ್ದಿ ಬಂದ ಮೇಲೆ ಅವಳ ದನಿಯಲ್ಲಿ ಸಂತೋಷ ಕೇಳಿದ್ದು ಅದೇ ಮೊದಲು.

ಈ ಸಲ ನಾನು ಪುಟ ತೆರೆದು ನೋಡಿದೆ. ‘ಮುಂಬರುವ ಕಾರ್ಯಕ್ರಮಗಳು. ಅಂಗಡಿದಾರರಿಂದ ಸ್ವಇಚ್ಛೆಯ ತೆರವು. ದಿನಾಂಕ: ಬರುವ ತಿಂಗಳು ಹದಿನಾಲ್ಕು.’ ಕೆಳಗೆ ಫೋಟೋ. ಖಾಲಿ ಅಂಗಡಿ, ಬೀದಿಯಲ್ಲಿ ಹನ್ನೊಂದು ಕುರ್ಚಿ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಗುತ್ತಾ ನಿಂತ ಅಮ್ಮ. ಒಬ್ಬಳೇ ಹೆಂಗಸನ್ನು ಎರಡು ಸಲ ನಗಿಸಿ ಎರಡು ಸಲ ಲೂಟಿ ಮಾಡುವುದಕ್ಕೆ ಪ್ರತಿಭೆ ಬೇಕು. ತಮ್ಮ ಇಡೀ ಸೇವೆಯಲ್ಲಿ ತಾವು ಪೂರ್ತಿ ಮಾಡಿ ಮುಗಿಸಿದ ಒಂದೇ ಕೆಲಸ ಇದೇ ಇರಬಹುದು.

ನನ್ನ ಬೇಡಿಕೆ ದೊಡ್ಡದಲ್ಲ. ಆ ಫೋಟೋದ ಎರಡನೇ ಸಾಲಿನಿಂದ ನನ್ನ ಅಮ್ಮನನ್ನು ಎಬ್ಬಿಸಿ ಕಳಿಸಿ. ಆದೇಶ ಹಿಂದಕ್ಕೆ ಪಡೆದು, ಹದಿನಾಲ್ಕರೊಳಗೆ ನಿಜವಾದ ಸಭೆಯೊಂದನ್ನು ಕರೆಯಿರಿ. ಆರು ಬಾಗಿಲಿಗೂ ಕಾಲಲ್ಲಿ ನಡೆದು ಹೋಗಿ ಹೇಳಿ. ಅಮ್ಮ ಬಂದು ಒಂದೇ ಮಾತು ಹೇಳುತ್ತಾಳೆ: “ನಂಗೆ ಒಪ್ಪಿಗೆ ಇಲ್ಲ.” ಬೀಗದವನ ಎದುರಿಗೆ ಹೇಳುತ್ತಾಳೆ, ಅದು ಅವಳಿಗೆ ಮುಖ್ಯ. ಅಷ್ಟನ್ನು ಕೇಳಿಸಿಕೊಂಡು ಬೇಕಾದರೆ ಕೆಡವಿ. ಇಲ್ಲ ಎಂದವಳ ಅಂಗಡಿ ಕೆಡವಿದೆವು ಎಂದು ಬರೆದುಕೊಳ್ಳಿ. ನಗುವವಳ ಅಂಗಡಿ ಎಂದು ಬರೆಯಬೇಡಿ.

ಆ ಎರಡನೇ ಫೋಟೋ ಯಾತಕ್ಕೆಂದು ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಬಾಯಿ ಬರುತ್ತಿಲ್ಲ. ನಿನ್ನೆ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. ಹನ್ನೆರಡರಂದು ಮೇಲಿನ ಮಹಡಿಗೆ ಹೋದಾಗ ಗಾಜಿನ ಬಾಗಿಲಿನಿಂದ ತಮ್ಮ ಕುರ್ಚಿ ಕಂಡಿತಂತೆ. “ಸಾಹೇಬ್ರ ಕುರ್ಚಿ ನಡುವೆ ಜೋತುಬಿದ್ದಿದೆ ಕಣೇ. ಇನ್ನೊಂದು ತಿಂಗಳಿಗೆ ಹರಿದು ಕೆಳಗೆ ಬೀಳ್ತಾರೆ. ಪಾಪ, ಅಂಗಡಿಗೆ ಕಳಿಸೋಕೆ ಹೇಳು, ಬಿಗಿ ಮಾಡಿ ಕೊಡ್ತೀನಿ.”

ಹೇಳಿದ್ದೇನೆ. ಕಳಿಸುವುದಾದರೆ ಹದಿನಾಲ್ಕರೊಳಗೆ ಕಳಿಸಿ.

ಇಂತಿ,
ತಮ್ಮ ಮಾತು ಕೇಳಿ ಕೆಂಪು ನಕ್ಷತ್ರ ಇಟ್ಟವಳು,
ಎರಡನೇ ಸಾಲಿನ ಮೂರನೇ ಕುರ್ಚಿಯವಳ ಮಗಳು